ದಿನಾಂಕವಿಲ್ಲದ ಬೆಲೆ: ಬಳಕೆದಾರರ ಮಾಹಿತಿಗಾಗಿ ಮುಕ್ತ ತಂತ್ರಾಂಶ ಆರಿಸಿದ ಅನುಭವ

ಉಡುಪಿಯ ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ ಮಾಡುವ ನಾನು ಪ್ರತಿ ಶನಿವಾರ ಮಧ್ಯಾಹ್ನದ ಮೇಲೆ ಇನ್ನೊಂದು ಮೇಜಿನ ಹಿಂದೆ ಕುಳಿತುಕೊಳ್ಳುತ್ತೇನೆ. ಅದು ಬಳಕೆದಾರರ, ಅಂದರೆ ಗ್ರಾಹಕರ, ಮಾಹಿತಿಯ ಮೇಜು. ನಾವು ಆರೇಳು ಮಂದಿ ಸ್ವಯಂಸೇವಕರು ಸೇರಿ ನಡೆಸುವ ಈ ಸಣ್ಣ ಕೆಲಸಕ್ಕೆ ಕಚೇರಿಯಿಲ್ಲ, ಸಂಬಳದ ನೌಕರರಿಲ್ಲ. ಬಸ್ರೂರಿನಿಂದ ಬೆಳೆದ ಬಳಕೆದಾರರ ಚಳವಳಿಯನ್ನೂ ಡಾ. ರವೀಂದ್ರನಾಥ ಶಾನುಭಾಗರ ದಶಕಗಳ ಕೆಲಸವನ್ನೂ ಕಂಡ ಜಿಲ್ಲೆಯಿದು. ಹಾಗಾಗಿ ಜನ ನಮ್ಮಂಥವರ ಬಳಿಗೂ ನಂಬಿಕೆಯಿಂದಲೇ ಬರುತ್ತಾರೆ. ಆ ನಂಬಿಕೆಗೆ ನಾವು ಎಷ್ಟು ತಕ್ಕವರಾಗಿದ್ದೇವೆ ಎಂಬ ಪ್ರಶ್ನೆಯನ್ನು 2025ರ ಮೇ ತಿಂಗಳ ಒಂದು ಶನಿವಾರ ಬ್ರಹ್ಮಾವರದ ಕಡೆಯ ಹಿರಿಯರೊಬ್ಬರು ಎದುರಿಗೆ ತಂದಿಟ್ಟರು.

ಅವರು ಅಂಗಿಯ ಕಿಸೆಯಿಂದ ನಾವೇ ಹಂಚಿದ್ದ ಹಳೆಯ ಕರಪತ್ರವೊಂದನ್ನು ತೆಗೆದು ಬಿಡಿಸಿದರು. ಮನೆ ಕಟ್ಟಿಸಲೆಂದು ಗುತ್ತಿಗೆದಾರರೊಬ್ಬರಿಗೆ 32 ಲಕ್ಷ ರೂಪಾಯಿ ಕೊಟ್ಟಿದ್ದರು. ಮನೆ ಮೊದಲ ಮಳೆಗೇ ಸೋರಿತ್ತು. ದೂರು ಕೊಡಬೇಕೆಂದಿದ್ದವರು ನಮ್ಮ ಕರಪತ್ರ ಓದಿ ಸುಮ್ಮನಾಗಿದ್ದರು. "ನಿಮ್ಮ ಪೇಪರಲ್ಲೇ ಉಂಟಲ್ಲ ಮೇಡಂ, ಜಿಲ್ಲೆಯಲ್ಲಿ ಇಪ್ಪತ್ತು ಲಕ್ಷದವರೆಗೆ ಮಾತ್ರ ಅಂತ. ಬೆಂಗಳೂರಿಗೆ ಓಡಾಡ್ಲಿಕ್ಕೆ ನನ್ನಿಂದ ಆಗ್ತದಾ?" ಎಂದು ಅವರು ಕೇಳಿದಾಗ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. 1986ರ ಗ್ರಾಹಕ ಕಾಯ್ದೆಯ ಕಾಲದಲ್ಲಿ ಜಿಲ್ಲಾ ವೇದಿಕೆಯ (ಈಗಿನ ಜಿಲ್ಲಾ ಆಯೋಗದ) ಮಿತಿ 20 ಲಕ್ಷವಿದ್ದದ್ದು ನಿಜ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಂದು ಜಾರಿಗೆ ಬಂದಾಗ ಅದು 1 ಕೋಟಿಗೆ ಏರಿತು. 2021ರ ಡಿಸೆಂಬರ್‌ನ ನಿಯಮಗಳಿಂದ 50 ಲಕ್ಷಕ್ಕೆ ಇಳಿಯಿತು. ಅಂದರೆ ಅವರ ದೂರು ಜಿಲ್ಲಾ ಆಯೋಗದಲ್ಲೇ ಸಲ್ಲುವಂಥದ್ದು. ದೂರು ಕೊಡಲು ಇರುವ ಎರಡು ವರ್ಷಗಳ ಅವಧಿಯಲ್ಲಿ ಒಂದು ವರ್ಷ ಎಂಟು ತಿಂಗಳು ಕಳೆದುಹೋಗಿತ್ತು. ಉಳಿದ ನಾಲ್ಕು ತಿಂಗಳಲ್ಲಿ ಅವರು ದೂರು ಸಲ್ಲಿಸಿದರು ಎಂಬುದೊಂದೇ ನನಗೆ ಸಮಾಧಾನ.

ಕರಪತ್ರ ಅಚ್ಚಾದ ದಿನ ಅದರಲ್ಲಿದ್ದ ಮಾತು ಸರಿಯಾಗಿಯೇ ಇತ್ತು. ಅದು ಯಾವ ದಿನದ ಮಾತು ಎಂದು ನಾವು ಎಲ್ಲಿಯೂ ಬರೆದಿರಲಿಲ್ಲ. ಗ್ರಂಥಾಲಯದಲ್ಲಿ ಪುಸ್ತಕದ ಮುದ್ರಣದ ವರ್ಷವಿಲ್ಲದೆ ಒಂದು ನಮೂದನ್ನೂ ಬರೆಯದ ನಾನು, ಇಲ್ಲಿ ಅದನ್ನು ಹೇಗೆ ಬಿಟ್ಟೆನೋ ತಿಳಿಯದು. ನಮ್ಮಲ್ಲಿರುವ ಮಾಹಿತಿಯನ್ನೆಲ್ಲ, ಕಾನೂನಿನದ್ದನ್ನೂ ಅಂಗಡಿಯ ಬೆಲೆಗಳದ್ದನ್ನೂ, ಒಂದು ಸರಿಯಾದ ವ್ಯವಸ್ಥೆಗೆ ತರಬೇಕೆಂದು ಆ ವಾರವೇ ನಿರ್ಧರಿಸಿದೆವು. ಅದಕ್ಕೆ ಏಳು ತಿಂಗಳು ಹಿಡಿಯಿತು.

ಅಲ್ಲಿಯವರೆಗೆ ನಮ್ಮ ಮಾಹಿತಿ ಎಲ್ಲಿತ್ತು ಎಂಬುದನ್ನು ಹೇಳಬೇಕು. ಮೊದಲು ಕಾಗದದ ಕಡತಗಳಲ್ಲಿ. ಆಮೇಲೆ ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಸಿಗುತ್ತಿದ್ದ ಒಂದು ಖಾಸಗಿ ಸೇವೆಯಲ್ಲಿ. ಅದರಲ್ಲಿ ಫಾರಂ ತುಂಬಿಸುವುದು ಸುಲಭವಿತ್ತು, ನೋಡಲು ಚೆನ್ನಾಗಿತ್ತು. ಮೂರನೆಯ ವರ್ಷ ಆ ಸಂಸ್ಥೆ ತನ್ನ ಷರತ್ತು ಬದಲಿಸಿತು. ಹಳೆಯ ನಮೂದುಗಳನ್ನು ನೋಡಬೇಕಾದರೆ ತಿಂಗಳ ಬಾಡಿಗೆ ಕೊಡಬೇಕೆಂದಿತು. ಅದನ್ನು ಕೊಡುವಷ್ಟು ಹಣ ಹೊಂದಿಸುವ ಮೊದಲೇ ಗಡುವು ಮುಗಿದು ಎರಡು ವರ್ಷಗಳ ಬೆಲೆಪಟ್ಟಿ ಕಣ್ಮರೆಯಾಯಿತು. ಉಚಿತ ಎಂಬ ಪದಕ್ಕೂ ಮುಕ್ತ ಎಂಬ ಪದಕ್ಕೂ ಇರುವ ದೂರ ನನಗೆ ಮನದಟ್ಟಾದದ್ದು ಆಗ. ಮುಕ್ತ ಅಥವಾ ಸ್ವತಂತ್ರ ತಂತ್ರಾಂಶವೆಂದರೆ ಬಳಸುವ, ಒಳಗನ್ನು ನೋಡಿ ತಿಳಿದು ಬದಲಿಸುವ, ಹಂಚುವ, ಬದಲಿಸಿದ್ದನ್ನೂ ಹಂಚುವ ಹಕ್ಕು ಬಳಕೆದಾರನಿಗಿರುವ ತಂತ್ರಾಂಶ. ಅದಕ್ಕೆ ಬೆಲೆ ಇದೆಯೋ ಇಲ್ಲವೋ ಎಂಬುದು ಬೇರೆ ಮಾತು. ಗ್ರಂಥಾಲಯದಲ್ಲಿ ನಾನು ವರ್ಷಗಳಿಂದ ಬಳಸುತ್ತಿರುವ ‘ಕೋಹಾ’ ಅಂಥದ್ದೇ. ನ್ಯೂಜಿಲೆಂಡಿನ ಒಂದು ಪ್ರಾದೇಶಿಕ ಗ್ರಂಥಾಲಯಕ್ಕಾಗಿ ಸಿದ್ಧವಾಗಿ 2000ದ ಆರಂಭದಲ್ಲಿ ಬಳಕೆಗೆ ಬಂದ ಆ ತಂತ್ರಾಂಶ ಇಂದು ಉಡುಪಿಯ ಕಪಾಟುಗಳ ಲೆಕ್ಕವನ್ನೂ ಇಡುತ್ತಿದೆ. ಬಳಕೆದಾರರ ಹಕ್ಕಿನ ಬಗ್ಗೆ ಮಾತನಾಡುವವರು ತಮ್ಮ ತಂತ್ರಾಂಶದ ವಿಷಯದಲ್ಲಿ ಹಕ್ಕಿಲ್ಲದ ಬಳಕೆದಾರರಾಗಿರುವುದು ಸರಿಯಲ್ಲ ಎಂದು ನಾನು ಮೊದಲ ಸಭೆಯಲ್ಲೇ ಹೇಳಿದೆ. ಆ ಒಂದು ವಿಷಯದಲ್ಲಿ ಯಾರೂ ಎದುರು ಮಾತಾಡಲಿಲ್ಲ.

ಉಳಿದ ಎಲ್ಲದರಲ್ಲೂ ಭಿನ್ನಾಭಿಪ್ರಾಯವಿತ್ತು. ಬ್ಯಾಂಕಿನಿಂದ ನಿವೃತ್ತರಾದ ನಮ್ಮ ಹಿರಿಯ ಸದಸ್ಯರು ಲಿಬ್ರೆಆಫೀಸ್ ಎಂಬ ಮುಕ್ತ ತಂತ್ರಾಂಶದ ಲೆಕ್ಕಹಾಳೆ (ಸ್ಪ್ರೆಡ್‌ಶೀಟ್) ಒಂದೇ ಸಾಕೆಂದರು. ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಹುಡುಗಿ ಪೋಸ್ಟ್‌ಗ್ರೆಎಸ್‌ಕ್ಯುಎಲ್ ಎಂಬ, ಮಾಹಿತಿಯನ್ನು ಕೋಷ್ಟಕಗಳಲ್ಲಿ ಜೋಡಿಸಿಡುವ ದತ್ತಸಂಚಯ ವ್ಯವಸ್ಥೆಯನ್ನು ಸೂಚಿಸಿದಳು. ಮಂಗಳೂರಿನಿಂದ ಬರುವ ಇನ್ನೊಬ್ಬ ಸದಸ್ಯರು, ಸರಕಾರಗಳೂ ಸಂಸ್ಥೆಗಳೂ ದತ್ತಾಂಶ ಪ್ರಕಟಿಸಲು ಬಳಸುವ ‘ಸಿಕ್ಯಾನ್’ ಆಗಬೇಕೆಂದರು. ಜೂನ್ ತಿಂಗಳಿಡೀ ಹೊರಗೆ ಮಳೆ, ಒಳಗೆ ತಂತ್ರಾಂಶಗಳ ಹೆಸರು. ಸಿಕ್ಯಾನನ್ನು ಒಂದು ಹಳೆಯ ಗಣಕದಲ್ಲಿ ಹಾಕಿ ನೋಡಿದೆವು. ಅದು ತನ್ನ ಜೊತೆಗೆ ಇನ್ನೂ ಮೂರು ತಂತ್ರಾಂಶಗಳನ್ನು, ಅಂದರೆ ಪೋಸ್ಟ್‌ಗ್ರೆಎಸ್‌ಕ್ಯುಎಲ್, ಸೋಲಾರ್, ರೆಡಿಸ್, ನಡೆಸಬೇಕೆಂದು ಕೇಳುತ್ತದೆ. ನೂರಾರು ದತ್ತಾಂಶ ಕಡತಗಳ ಸೂಚಿಯನ್ನು ಇಡುವುದಕ್ಕೆ ಅದು ಒಳ್ಳೆಯ ವ್ಯವಸ್ಥೆ. ನಮ್ಮಲ್ಲಿಗೆ ಬರುವವರು ಕೇಳುವುದು ಒಂದು ಪೊಟ್ಟಣದ ಬಗ್ಗೆ.

ಲೆಕ್ಕಹಾಳೆಯ ಪ್ರಶ್ನೆ ತಾನಾಗಿಯೇ ಇತ್ಯರ್ಥವಾಯಿತು. ಜುಲೈಯಲ್ಲಿ ಪ್ರಯೋಗಕ್ಕೆಂದು ಮೂರು ಅಂಗಡಿಗಳ ಸಾಮಾನನ್ನು ಲೆಕ್ಕಹಾಳೆಯಲ್ಲಿ ಬರೆಯುವುದೆಂದಾಯಿತು. ಪ್ರತಿ ಪೊಟ್ಟಣದ 13 ಅಂಕಿಗಳ ಬಾರ್‌ಕೋಡ್, ಆಹಾರ ಪದಾರ್ಥವಾದರೆ 14 ಅಂಕಿಗಳ ಎಫ್ಎಸ್ಎಸ್ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿ ಸಂಖ್ಯೆ, ತೂಕ, ಎಂಆರ್‌ಪಿ ಇಷ್ಟನ್ನೂ ಇಬ್ಬರು ಹುಡುಗರು ಮೂರು ದಿನ ಕುಳಿತು ತುಂಬಿಸಿದರು. ಅದನ್ನು ಯಾರೋ ಮನೆಯ ಗಣಕದಲ್ಲಿ ತೆರೆದು, ಬರಿಯ ಪಠ್ಯವನ್ನಷ್ಟೇ ಇಡುವ ಸಿಎಸ್‌ವಿ ಕಡತವಾಗಿ ಉಳಿಸಿ ಕಳುಹಿಸಿದರು. ಬಂದ ಕಡತದಲ್ಲಿ ಬಾರ್‌ಕೋಡಿನ ಅಂಕಣವಿಡೀ 8.90, ಅದರ ಮುಂದೆ ಹತ್ತರ ಹನ್ನೆರಡನೆಯ ಘಾತ ಎಂಬ ಒಂದೇ ರೂಪದಲ್ಲಿತ್ತು. ಲೆಕ್ಕಹಾಳೆ ಅವುಗಳನ್ನು ಸಂಖ್ಯೆಗಳೆಂದು ತಿಳಿದು, ದೊಡ್ಡ ಸಂಖ್ಯೆಯನ್ನು ಸಂಕ್ಷೇಪಿಸಿ ತೋರಿಸಿ, ತೋರಿಸಿದ್ದನ್ನೇ ಉಳಿಸಿತ್ತು. 890 ಎಂಬುದು ಭಾರತದ ಜಿಎಸ್1 ಸಂಸ್ಥೆ ನೀಡುವ ಸಂಖ್ಯೆಗಳ ಮೊದಲ ಭಾಗವಾದ್ದರಿಂದ ಹೆಚ್ಚುಕಡಿಮೆ ಎಲ್ಲ ಸಾಲುಗಳೂ ಒಂದೇ ಆಗಿಬಿಟ್ಟವು. ಪರವಾನಗಿ ಸಂಖ್ಯೆಗಳಿಗೂ ಅದೇ ಗತಿಯಾಯಿತು. ಬಾರ್‌ಕೋಡ್ ಸಂಖ್ಯೆಯಂತೆ ಕಂಡರೂ ಅದು ಹೆಸರು. ಅದನ್ನು ಯಾರೂ ಕೂಡುವುದಿಲ್ಲ, ಕಳೆಯುವುದಿಲ್ಲ, ಪಠ್ಯವಾಗಿಯೇ ಇಡಬೇಕು. ಹುಡುಗರ ಮೂರು ದಿನದ ಶ್ರಮ ಹಾಳಾದದ್ದಕ್ಕೆ ನನಗೆ ಬಹಳ ಬೇಸರವಾಯಿತು. ಹಿರಿಯರು ಮಾತ್ರ, "ಚಿಂತೆ ಇಲ್ಲ, ಮೂರೇ ಅಂಗಡಿಯಲ್ಲಿ ಗೊತ್ತಾಯ್ತಲ್ಲ" ಎಂದು ತಮ್ಮ ಸಲಹೆಯನ್ನು ತಾವೇ ಹಿಂದಕ್ಕೆ ತೆಗೆದುಕೊಂಡರು.

ಆಮೇಲೆ ನಾವು ತಂತ್ರಾಂಶಗಳ ಮಾತು ನಿಲ್ಲಿಸಿ, ಮೇಜಿನ ಮುಂದೆ ಜನ ಕೇಳಿದ ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದೆವು. ತಣ್ಣಗಿನ ನೀರಿನ ಬಾಟಲಿಗೆ ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಳ್ಳಬಹುದೇ? ಎಣ್ಣೆಯ ಪ್ಯಾಕೆಟ್ ಮೊದಲಿನಷ್ಟೇ ದೊಡ್ಡದಿದೆ, ಒಳಗೆ ಎಷ್ಟಿದೆ? ಕುಚ್ಚಲಕ್ಕಿಗೆ ಕಾಪುವಿನಲ್ಲಿ ಒಂದು ಬೆಲೆ, ಮಂಗಳೂರಿನ ಸೆಂಟ್ರಲ್ ಮಾರ್ಕೆಟ್ ಬಳಿ ಇನ್ನೊಂದು, ಯಾಕೆ? ದೂರು ಕೊಡಲು ದುಡ್ಡು ಕಟ್ಟಬೇಕೇ? ಈ ಪ್ರಶ್ನೆಗಳನ್ನು ಬರೆಯುತ್ತ ಹೋದಂತೆ ನಮ್ಮ ದತ್ತಾಂಶದ ಆಕಾರ ತಾನಾಗಿ ಕಾಣತೊಡಗಿತು. ಅಲ್ಲಿಯವರೆಗೆ ನಾವು ಒಂದು ಸಾಮಾನಿಗೆ ಒಂದು ಸಾಲು, ಆ ಸಾಲಿನಲ್ಲಿ ಅದರ ಬೆಲೆ ಎಂದುಕೊಂಡಿದ್ದೆವು. ಬೆಲೆ ಸಾಮಾನಿಗೆ ಅಂಟಿಕೊಂಡ ಗುಣವಲ್ಲ. ಒಬ್ಬರು, ಒಂದು ದಿನ, ಒಂದು ಅಂಗಡಿಯಲ್ಲಿ ಕಂಡದ್ದು. ಹಾಗಾಗಿ ಸಾಮಾನಿಗೊಂದು ಕೋಷ್ಟಕ, ಅಂಗಡಿಗೊಂದು ಕೋಷ್ಟಕ, ಕಂಡ ಬೆಲೆಗೆ ಮೂರನೆಯ ಕೋಷ್ಟಕ. ಆ ಮೂರನೆಯದರಲ್ಲಿ ದಿನಾಂಕ ಮತ್ತು ಫೋಟೊ ಇಲ್ಲದ ಸಾಲನ್ನು ವ್ಯವಸ್ಥೆಯೇ ಒಪ್ಪಬಾರದು. ಕಾನೂನಿನ ಮಾಹಿತಿಗೂ ಇದೇ ಕ್ರಮ: ಇಂಥ ದಿನದಿಂದ, ಇಂಥ ದಿನದವರೆಗೆ, ಇಂಥ ಅಧಿಸೂಚನೆಯ ಆಧಾರದಿಂದ, ನಾವು ಕೊನೆಯ ಬಾರಿ ಪರಿಶೀಲಿಸಿದ್ದು ಇಂಥ ದಿನ. ಜಿಲ್ಲಾ ಆಯೋಗದ ಮಿತಿಯನ್ನು ಮೂರು ಸಾಲುಗಳಾಗಿ, 20 ಲಕ್ಷ, 1 ಕೋಟಿ, 50 ಲಕ್ಷ ಎಂದು ನಾನೇ ಮೊದಲು ಬರೆದೆ. ಆನ್‌ಲೈನ್ ದೂರಿಗೆ ‘ಇ-ದಾಖಿಲ್’ ಎಂದಿದ್ದ ಸಾಲನ್ನು ಮುಚ್ಚಿ, 2025ರ ಜನವರಿ 1ರಿಂದ ‘ಇ-ಜಾಗೃತಿ’ ಎಂಬ ಹೊಸ ಸಾಲನ್ನು ತೆರೆದೆವು. 5 ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ ಎಂಬುದು, ರಾಷ್ಟ್ರೀಯ ಸಹಾಯವಾಣಿ 1915 ಎಂಬುದು, ಎಲ್ಲವೂ ಹೀಗೆ ದಿನಾಂಕದೊಂದಿಗೆ ಸೇರಿದವು.

ಸಾಮಾನಿನ ವಿವರ ಬರೆಯುವಾಗ ಒಂದು ದೊಡ್ಡ ಪ್ರಶ್ನೆ ಎದುರಾಯಿತು. ಫ್ರಾನ್ಸಿನಲ್ಲಿ 2012ರಲ್ಲಿ ಆರಂಭವಾದ ‘ಓಪನ್ ಫುಡ್ ಫ್ಯಾಕ್ಟ್ಸ್’ ಎಂಬ ಯೋಜನೆಯಲ್ಲಿ ಜಗತ್ತಿನ ಸ್ವಯಂಸೇವಕರು ಆಹಾರದ ಪೊಟ್ಟಣಗಳ ಮೇಲಿನ ಮಾಹಿತಿಯನ್ನು ಬಾರ್‌ಕೋಡಿನ ಜೊತೆ ಸಂಗ್ರಹಿಸುತ್ತಾರೆ. ಅದರ ದತ್ತಾಂಶವನ್ನು ಯಾರು ಬೇಕಾದರೂ ಇಡಿಯಾಗಿ ಇಳಿಸಿಕೊಳ್ಳಬಹುದು. ನಮ್ಮದೇ ಇನ್ನೊಂದು ಸಂಗ್ರಹ ಯಾಕೆ ಎಂದು ಎಂಜಿನಿಯರಿಂಗ್ ಹುಡುಗಿ ಕೇಳಿದ್ದು ನ್ಯಾಯವೇ ಆಗಿತ್ತು. ಆದರೆ ನಮ್ಮ 46 ಸಾಮಾನುಗಳ ಪಟ್ಟಿಯಲ್ಲಿ ಸುಮಾರು ಅರ್ಧದಷ್ಟಕ್ಕೆ ಬಾರ್‌ಕೋಡೇ ಇರಲಿಲ್ಲ. ಕುಚ್ಚಲಕ್ಕಿ, ಬೆಳ್ತಿಗೆ ಅಕ್ಕಿ, ಬೆಲ್ಲ, ಹುರುಳಿ, ಗಾಣದಿಂದ ತಂದ ತೆಂಗಿನೆಣ್ಣೆ ಇವೆಲ್ಲ ಗೋಣಿಯಿಂದ ಅಥವಾ ಡಬ್ಬದಿಂದ ತೂಗಿ ಅಳೆದು ಕೊಡುವಂಥವು. ಕೊನೆಗೆ ಬಾರ್‌ಕೋಡ್ ಇರುವ ಆಹಾರದ ಪೊಟ್ಟಣಗಳ ಲೇಬಲ್ ಫೋಟೊ ಮತ್ತು ವಿವರವನ್ನು ಆ ಜಾಗತಿಕ ಸಂಗ್ರಹಕ್ಕೇ ಕೊಡುವುದು, ನಮ್ಮಲ್ಲಿ ಬಾರ್‌ಕೋಡ್ ಮಾತ್ರ ಇಟ್ಟುಕೊಳ್ಳುವುದು, ಬಿಡಿ ಸಾಮಾನನ್ನು ನಾವೇ ವಿವರಿಸುವುದು ಎಂದು ಗೊತ್ತುಮಾಡಿದೆವು. ಇದಕ್ಕೆ ಪರವಾನಗಿಯ ಕಾರಣವೂ ಇತ್ತು. ಅವರ ದತ್ತಾಂಶದ ಪರವಾನಗಿ ಒಡಿಬಿಎಲ್. ಅದನ್ನು ಬೆರೆಸಿ ಹೊಸ ಸಂಚಯ ಮಾಡಿ ಪ್ರಕಟಿಸಿದರೆ ಅದನ್ನೂ ಅದೇ ಪರವಾನಗಿಯಲ್ಲಿ ಕೊಡಬೇಕು. ನಮಗೆ ಅದರಲ್ಲಿ ಅಡ್ಡಿಯಿರಲಿಲ್ಲ. ನಮ್ಮ ಬೆಲೆಪಟ್ಟಿಗೂ ಅದೇ ಪರವಾನಗಿ ಹಾಕಿದೆವು. ಸರಕಾರದ ಮುಕ್ತ ದತ್ತಾಂಶಕ್ಕೆ 2017ರಲ್ಲಿ ಬಂದ ಪರವಾನಗಿ ಬೇರೆ. ಅಲ್ಲಿಂದ ತಂದ ಸಗಟು ಬೆಲೆಗಳನ್ನು ಮೂಲ ಹೇಳಿ ಪ್ರತ್ಯೇಕ ಕೋಷ್ಟಕದಲ್ಲಿ ಇಟ್ಟಿದ್ದೇವೆ. ಪರವಾನಗಿಯನ್ನು ಓದುವುದು ಬೇಸರದ ಕೆಲಸವೆಂದು ಬಹಳ ಮಂದಿ ಬಿಟ್ಟುಬಿಡುತ್ತಾರೆ. ನಮ್ಮ ತಂಡದಲ್ಲಿ ಆ ಕೆಲಸವನ್ನು ಬ್ಯಾಂಕಿನ ಹಿರಿಯರು ವಹಿಸಿಕೊಂಡರು. ಸಾಲಪತ್ರಗಳನ್ನು ಓದಿದ ಕಣ್ಣಿಗೆ ಅದು ಕಷ್ಟವೆನಿಸಲಿಲ್ಲ.

ಅಂಗಡಿಯಲ್ಲಿ ಮಾಹಿತಿ ತುಂಬಲು ‘ಒಡಿಕೆ ಕಲೆಕ್ಟ್’ ಎಂಬ ಆ್ಯಪನ್ನು ಆರಿಸಲು ಹೆಚ್ಚು ಚರ್ಚೆ ಬೇಕಾಗಲಿಲ್ಲ. ಫಾರಮನ್ನು ಒಂದು ಲೆಕ್ಕಹಾಳೆಯಲ್ಲಿ ಕನ್ನಡದಲ್ಲಿಯೇ ಬರೆಯಬಹುದು, ಫೋನಿನ ಕ್ಯಾಮೆರಾದಿಂದ ಬಾರ್‌ಕೋಡ್ ಓದಿಸಬಹುದು, ಸಿಗ್ನಲ್ ಇಲ್ಲದ ಕಡೆಯೂ ತುಂಬಿಸಿ ಮನೆಗೆ ಬಂದ ಮೇಲೆ ಕಳುಹಿಸಬಹುದು. ಹೆಬ್ರಿಯ ಕಡೆ ಹೋದವರಿಗೆ ಈ ಕೊನೆಯದರ ಬೆಲೆ ಗೊತ್ತಾಯಿತು. ಲೇಬಲ್ ಫೋಟೊದಿಂದ ಅಕ್ಷರಗಳನ್ನು ತಾನೇ ಓದುವಂತೆ ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶವನ್ನೂ ಪ್ರಯತ್ನಿಸಿದೆವು. ಅದಕ್ಕೆ ಕನ್ನಡ ಬರುತ್ತದೆ, ಅಚ್ಚಾದ ಪುಟವನ್ನು ಚೆನ್ನಾಗಿಯೇ ಓದುತ್ತದೆ; ಹೊಳೆಯುವ, ಮಡಿಚಿದ ಪ್ಲಾಸ್ಟಿಕ್ಕಿನ ಮೇಲೆ ಮಾತ್ರ ನಮಗೆ ಅದರಿಂದ ಕೆಲಸವಾಗಲಿಲ್ಲ.

ದತ್ತಸಂಚಯದ ಆಯ್ಕೆಯಲ್ಲಿ ನಾನು ಹೆಚ್ಚು ದಿನ ಕಳೆದೆ. ಪೋಸ್ಟ್‌ಗ್ರೆಎಸ್‌ಕ್ಯುಎಲ್ ದೃಢವಾದದ್ದು, ಮುಕ್ತವಾದದ್ದು. ಅದರ ಬಗ್ಗೆ ನನಗೆ ಯಾವ ದೂರೂ ಇಲ್ಲ. ಆದರೆ ಅದನ್ನು ಸದಾ ನಡೆಸುತ್ತ, ನೋಡಿಕೊಳ್ಳುತ್ತ ಇರಬೇಕು. ನಮ್ಮಲ್ಲಿ ಆ ವಿದ್ಯೆ ಇದ್ದದ್ದು ಒಬ್ಬಳಿಗೆ, ಅವಳು ಇನ್ನೊಂದು ವರ್ಷದಲ್ಲಿ ಓದು ಮುಗಿಸಿ ಹೋಗುವವಳು. ಎಸ್‌ಕ್ಯುಲೈಟ್ ಎಂಬುದು ಇನ್ನೊಂದು ಬಗೆ. 2000ದಲ್ಲಿ ರಿಚರ್ಡ್ ಹಿಪ್ ಹೊರತಂದ ಇದರಲ್ಲಿ ಇಡೀ ದತ್ತಸಂಚಯ ಒಂದೇ ಕಡತ. ಪೆನ್‌ಡ್ರೈವಿಗೆ ನಕಲು ಮಾಡಿದರೆ ಬ್ಯಾಕಪ್ ಆಯಿತು. ಅದರ ಮೂಲಸಂಕೇತದ ಮೇಲೆ ಯಾರಿಗೂ ಹಕ್ಕುಸ್ವಾಮ್ಯವಿಲ್ಲ, 2050ರವರೆಗೆ ಅದನ್ನು ಪೋಷಿಸುವುದಾಗಿ ಅದರ ನಿರ್ಮಾಪಕರು ಹೇಳಿದ್ದಾರೆ. ಗ್ರಂಥಪಾಲಕಿಯಾಗಿ ನನ್ನನ್ನು ಒಪ್ಪಿಸಿದ್ದು ಇನ್ನೊಂದು ಸಂಗತಿ: ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ದತ್ತಾಂಶವನ್ನು ದೀರ್ಘಕಾಲ ಕಾಪಿಡಲು ಶಿಫಾರಸು ಮಾಡುವ ಕಡತರೂಪಗಳಲ್ಲಿ ಸಿಎಸ್‌ವಿಯಂಥವುಗಳ ಜೊತೆಗೆ ಎಸ್‌ಕ್ಯುಲೈಟ್ ಕೂಡ ಇದೆ. ಕೆಲವು ಸಾವಿರ ಸಾಲುಗಳ ನಮ್ಮ ಸಂಗ್ರಹಕ್ಕೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲವೆಂದು ನಾನು ಹೇಳಿದಾಗ ಹುಡುಗಿ ಎರಡು ದಿನ ಯೋಚಿಸಿ ಒಪ್ಪಿದಳು. ಅದರ ಮೇಲೆ, ಎಸ್‌ಕ್ಯುಲೈಟ್ ಕಡತವನ್ನು ಜನ ಹುಡುಕಿ ನೋಡುವಂತೆ ತೆರೆದಿಡುವ ‘ಡೇಟಾಸೆಟ್’ ಎಂಬ ತಂತ್ರಾಂಶವನ್ನು, 2017ರಲ್ಲಿ ಸೈಮನ್ ವಿಲಿಸನ್ ಹೊರತಂದದ್ದನ್ನು, ಅವಳೇ ಹುಡುಕಿ ತಂದಳು.

ಇನ್ನು ಕನ್ನಡದ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಬೇರೆಯವರಿಗೆ ಇದರಿಂದ ಕೆಲವು ವಾರ ಉಳಿಯಬಹುದು. ಮೊದಲ ಪ್ರಯೋಗದ ದಿನ ಹಿರಿಯರು ‘ಬೇಳೆ’ ಎಂದು ಬರೆದು ಹುಡುಕಿದರು. ತೊಗರಿಬೇಳೆಯ ಜೊತೆಗೆ ಬಾಳೆಹಣ್ಣು, ಬಾಳೆಕಾಯಿ ಚಿಪ್ಸ್ ಎಲ್ಲವೂ ಬಂದವು. ಎಸ್‌ಕ್ಯುಲೈಟಿನ ಹುಡುಕುವ ಭಾಗ ಪದಗಳನ್ನು ಬಿಡಿಸುವಾಗ ಅಕ್ಷರ ಮತ್ತು ಅಂಕಿಗಳನ್ನು ಮಾತ್ರ ಪದದ ಭಾಗವೆಂದು ಎಣಿಸುತ್ತದೆ. ಪ್ರತಿ ಲಿಪಿಚಿಹ್ನೆಗೂ ಗಣಕದಲ್ಲಿ ಒಂದು ಸಂಕೇತ ಕೊಡುವ ಯುನಿಕೋಡಿನಲ್ಲಿ ನಮ್ಮ ಏತ್ವ, ದೀರ್ಘ, ಅನುಸ್ವಾರ, ಅರ್ಧಾಕ್ಷರದ ಗುರುತು ಅಕ್ಷರಗಳ ವರ್ಗದಲ್ಲಿಲ್ಲ; ಅಕ್ಷರಕ್ಕೆ ಹತ್ತುವ ಗುರುತುಗಳ ವರ್ಗದಲ್ಲಿವೆ. ಹಾಗಾಗಿ ಆ ಯಂತ್ರಕ್ಕೆ ‘ಬೇಳೆ’ ಎಂದರೆ ಬ ಮತ್ತು ಳ. ‘ಬಾಳೆ’ ಎಂದರೂ ಬ ಮತ್ತು ಳ. ಗುಣಿತವನ್ನೆಲ್ಲ ಬೇಲಿಯೆಂದು ಎಣಿಸಿ ಪದವನ್ನು ಕತ್ತರಿಸಿ ಹಾಕುತ್ತಿತ್ತು. ಇದು ತಿಳಿಯಲು ನಮಗೆ ನಾಲ್ಕು ಸಂಜೆಗಳು ಬೇಕಾದವು. ಸರಿಪಡಿಸಲು ಒಂದು ಸಾಲು ಸಾಕಾಯಿತು. ಕೋಷ್ಟಕ ಕಟ್ಟುವಾಗ ಆ ಗುರುತುಗಳ ವರ್ಗವನ್ನೂ ಪದದ ಭಾಗವಾಗಿ ಎಣಿಸು ಎಂದು ಹೇಳುವ ಅವಕಾಶ ಅದರಲ್ಲೇ ಇದೆ. ಮುಚ್ಚಿದ ತಂತ್ರಾಂಶವಾಗಿದ್ದರೆ ಕಾರಣ ತಿಳಿಯುವ ದಾರಿಯೇ ನಮಗೆ ಇರುತ್ತಿರಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ‘ಸನ್‌ಫ್ಲವರ್’ ಎಂದು ಬರೆಯುವಾಗ ನ್ ಮತ್ತು ಫ್ಲ ಕೂಡಿಕೊಳ್ಳದಿರಲಿ ಎಂದು ಕೆಲವರು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಸಿಗುತ್ತಿರಲಿಲ್ಲ. ಅದೇ ರೀತಿ ಏ, ಓ ಗುಣಿತಗಳನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬಿಡಿಬಿಡಿಯಾಗಿಯೂ ಬರೆಯಬಹುದು; ಕಣ್ಣಿಗೆ ಎರಡೂ ಒಂದೇ. ಹಳೆಯ ಕರಪತ್ರಗಳ ಕಡತಗಳಂತೂ ಯುನಿಕೋಡಿಗೂ ಹಿಂದಿನ ಫಾಂಟ್ ಸಂಕೇತದಲ್ಲಿದ್ದು ಫೋನಿನಲ್ಲಿ ತೆರೆದರೆ ರೋಮನ್ ಅಕ್ಷರಗಳ ಗೊಂಚಲಾಗಿ ಕಾಣುತ್ತಿದ್ದವು. ಅವುಗಳನ್ನು ಮುಕ್ತವಾಗಿ ಸಿಗುವ ಪರಿವರ್ತಕದಿಂದ ಬದಲಿಸಿ, ಅರ್ಕಾವತ್ತುಗಳನ್ನು ಒಂದೊಂದಾಗಿ ಕಣ್ಣಲ್ಲಿ ನೋಡಿ ತಿದ್ದಿದೆವು. ಉಳಿದದ್ದಕ್ಕೆ, ಜನರಿಗೆ ತೋರಿಸುವ ರೂಪ ಒಂದು, ಹುಡುಕುವ ರೂಪ ಇನ್ನೊಂದು ಎಂದು ಎರಡು ಅಂಕಣ ಮಾಡಿದೆವು. ಹುಡುಕುವ ಅಂಕಣದಲ್ಲಿ ಕಾಣದ ಸಂಕೇತಗಳನ್ನು ತೆಗೆದು ಎಲ್ಲವನ್ನೂ ಒಂದೇ ಪ್ರಮಾಣರೂಪಕ್ಕೆ ತರಲಾಗುತ್ತದೆ. ಟೈಪ್ ಮಾಡುವ ವಿಷಯದಲ್ಲಿ ಮಾತ್ರ ಯಾವ ತೊಡಕೂ ಬರಲಿಲ್ಲ. ನಮ್ಮ ಕರಾವಳಿಯವರೇ ಆದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲೂ ಇದೆ. ಹಿರಿಯರ ಬೆರಳಿಗೆ ಅದು ಮೊದಲೇ ರೂಢಿಯಾಗಿತ್ತು.

ವಿಭಕ್ತಿಯ ತೊಡಕು ಇನ್ನೂ ಆಳದ್ದು. ‘ಬೆಲ್ಲ’ ಎಂದು ಹುಡುಕಿದವರಿಗೆ ‘ಬೆಲ್ಲದ’ ಎಂಬುದೂ ಸಿಗಲೆಂದು ಪದದ ಆರಂಭ ಹೊಂದಿದರೆ ಸಾಕೆಂದು ಮಾಡಿದೆವು. ಆದರೆ ‘ತೆಂಗು’ ಎಂಬುದು ‘ತೆಂಗಿನ’ ಆದಾಗ ಆ ಉಪಾಯ ಸೋಲುತ್ತದೆ. ‘ತೆಂಗಿನೆಣ್ಣೆ’ ಎಂದು ಸಂಧಿಯಾದಾಗ ‘ಎಣ್ಣೆ’ ಒಳಗೆ ಅಡಗಿಬಿಡುತ್ತದೆ. ಇಲ್ಲಿ ಗ್ರಂಥಾಲಯದ ಹಳೆಯ ಕ್ರಮವೇ ನೆರವಿಗೆ ಬಂತು. ಒಬ್ಬ ಲೇಖಕನ ಹತ್ತು ಹೆಸರುಗಳನ್ನು ಒಂದು ಅಧಿಕೃತ ಶೀರ್ಷಿಕೆಯ ಕೆಳಗೆ ತರುವಂತೆ, ಪ್ರತಿ ಸಾಮಾನಿಗೂ ಹೆಸರುಗಳ ಪಟ್ಟಿ ಮಾಡಿದೆವು. ಕುಚ್ಚಲಕ್ಕಿಗೆ ಕುಚ್ಚಿಗೆ ಅಕ್ಕಿ, ಕುಸುಬಲಕ್ಕಿ. ಎಳನೀರಿಗೆ ಸೀಯಾಳ, ಬೊಂಡ. ಘಟ್ಟದ ಮೇಲಿನಿಂದ ಬಂದ ವಿದ್ಯಾರ್ಥಿನಿಯೊಬ್ಬಳು ಬೊಂಡವೆಂದರೆ ಕರಿದ ತಿಂಡಿಯೆಂದು ತಿಳಿದಿದ್ದಳು, ಅದನ್ನೂ ಬರೆದುಕೊಂಡೆವು. ಈ ಪಟ್ಟಿ ಯಾವ ತಂತ್ರಾಂಶದಲ್ಲೂ ಸಿದ್ಧವಾಗಿ ಸಿಗುವುದಿಲ್ಲ, ಕುಳಿತು ಬರೆಯಬೇಕು. ನಮ್ಮ ಸಂಗ್ರಹದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಅದು.

ಸೆಪ್ಟೆಂಬರ್ ಹೊತ್ತಿಗೆ 14 ಅಂಗಡಿಗಳ ಬೆಲೆ ವಾರಕ್ಕೊಮ್ಮೆ ಬರತೊಡಗಿತು. ಆಗಲೇ 22ನೇ ತಾರೀಕಿನಿಂದ ಜಿಎಸ್‌ಟಿ ದರಗಳು ಬದಲಾದವು. ಬೆಣ್ಣೆ, ತುಪ್ಪ ಶೇ 12ರಿಂದ 5ಕ್ಕೆ, ಸಾಬೂನು, ಟೂತ್‌ಪೇಸ್ಟ್, ಬಿಸ್ಕೆಟ್ ಶೇ 18ರಿಂದ 5ಕ್ಕೆ ಇಳಿದವು. ಅಂಗಡಿಗಳಲ್ಲಿ ಹಳೆಯ ದಾಸ್ತಾನಿನ ಮೇಲೆ ಹೊಸ ಬೆಲೆಯ ಚೀಟಿ, ಪಕ್ಕದಲ್ಲೇ ಚೀಟಿಯಿಲ್ಲದ ಅದೇ ಪೊಟ್ಟಣ. ಒಂದು ಬಾರ್‌ಕೋಡಿಗೆ ಒಂದು ಅಂಗಡಿಯಲ್ಲಿ ಒಂದು ದಿನ ಒಂದೇ ಎಂಆರ್‌ಪಿ ಎಂದು ನಾವು ಹಾಕಿದ್ದ ನಿಯಮ ಮೊದಲ ದಿನವೇ ಮುರಿಯಿತು. ಹುಡುಗರ ಫೋನುಗಳಿಂದ ಬಂದ ನಮೂದುಗಳನ್ನು ವ್ಯವಸ್ಥೆ ತಿರಸ್ಕರಿಸತೊಡಗಿತು. ಆ ನಿಯಮ ತೆಗೆದು, ಅಚ್ಚಾದ ಬೆಲೆ, ಚೀಟಿಯ ಬೆಲೆ, ಬಿಲ್ಲಿನಲ್ಲಿ ಹಾಕಿದ ಬೆಲೆ ಎಂದು ಮೂರು ಪ್ರತ್ಯೇಕ ಅಂಕಣ ಮಾಡಿದೆವು. ಬೆಲೆಯನ್ನು ಪೈಸೆಯ ಪೂರ್ಣಾಂಕವಾಗಿ ಇಡುವುದೆಂದು ಮೊದಲೇ ನಿಶ್ಚಯಿಸಿದ್ದರಿಂದ ಲೆಕ್ಕದಲ್ಲಿ ಚೂರುಪಾರು ವ್ಯತ್ಯಾಸಗಳು ಬರಲಿಲ್ಲ. ಆ ಎರಡು ತಿಂಗಳು ಮೇಜಿನ ಮುಂದೆ ಬಂದವರಿಗೆ, ಇಂಥ ದಿನ ಇಂಥ ಊರಿನಲ್ಲಿ ಈ ಸಾಬೂನು ಇಷ್ಟಕ್ಕೆ ಸಿಕ್ಕಿದೆ, ಫೋಟೊ ಇಲ್ಲಿದೆ ಎಂದು ತೋರಿಸಲು ಸಾಧ್ಯವಾಯಿತು. ಎಣ್ಣೆಯ ಪ್ರಶ್ನೆಗೂ ಉತ್ತರ ಸಿಕ್ಕಿತು: ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ, ಹಾಗಾಗಿ 800 ಗ್ರಾಂ ಎಂದು ಬರೆದ ಪ್ಯಾಕೆಟ್ ಲೀಟರಿನದ್ದಲ್ಲ. ಪ್ರತಿ ಸಾಮಾನಿಗೂ ಕಿಲೋ ಲೆಕ್ಕದ ಬೆಲೆಯನ್ನು ವ್ಯವಸ್ಥೆಯೇ ಗುಣಿಸಿ ತೋರಿಸುತ್ತದೆ.

ಜನರ ದೂರುಗಳನ್ನು, ಅವರ ಹೆಸರು ಮತ್ತು ಫೋನ್ ಸಂಖ್ಯೆಗಳನ್ನು ಈ ವ್ಯವಸ್ಥೆಗೆ ಸೇರಿಸಬಾರದೆಂದು ನಾನು ಹಟ ಹಿಡಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇರಲಿ ಇಲ್ಲದಿರಲಿ, ತೆರೆದಿಡುವ ಕಡತದಲ್ಲಿ ಒಬ್ಬರ ಸಂಕಟ ಇರಬಾರದು. ಅದು ಈಗಲೂ ಬೀಗ ಹಾಕಿದ ಕಪಾಟಿನ ರಿಜಿಸ್ಟರಿನಲ್ಲಿದೆ.

ನವೆಂಬರ್‌ನಲ್ಲಿ ಮನೆಯ ಕಾರಣದಿಂದ ನಾನು ಮೂರು ವಾರ ಊರಲ್ಲಿರಲಿಲ್ಲ, ಹುಡುಗಿಗೆ ಪರೀಕ್ಷೆ. ಆ ಹೊತ್ತಿಗೆ ನಾವು ಬಾಡಿಗೆಗೆ ಪಡೆದ ಸರ್ವರ್ ನಿಂತುಹೋಯಿತು. ಬ್ಯಾಂಕಿನ ಹಿರಿಯರು ಪೆನ್‌ಡ್ರೈವ್ ಮತ್ತು ನಾನು ಕೈಯಲ್ಲಿ ಬರೆದಿಟ್ಟಿದ್ದ ಎರಡು ಪುಟದ ಸೂಚನೆಯನ್ನು ತೆಗೆದುಕೊಂಡು, ತಮ್ಮ ಮೊಮ್ಮಗನ ಹಳೆಯ ಲ್ಯಾಪ್‌ಟಾಪಿನಲ್ಲಿ ಇಡೀ ಸಂಗ್ರಹವನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದರು. ನನಗೆ ಫೋನ್ ಮಾಡಿದ್ದು ಎಲ್ಲ ಮುಗಿದ ಮೇಲೆ: "ಏಳನೇ ಸಾಲಲ್ಲಿ ನೀವು ಬರೆದದ್ದು ತಪ್ಪುಂಟು ಮೇಡಂ. ಕಡತದ ಹೆಸರು ಹಳೆಯದ್ದು. ನಾನು ತಿದ್ದಿ ತಾರೀಕು ಹಾಕಿದ್ದೇನೆ."

ಹೊಸ ಕರಪತ್ರ ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕರ ದಿನಕ್ಕೆ ಅಚ್ಚಾಯಿತು. ಅದರ ಪ್ರತಿ ಪ್ಯಾರಾದ ಕೆಳಗೆ ಪರಿಶೀಲಿಸಿದ ದಿನಾಂಕವಿದೆ. ಮೊದಲ ಪ್ರತಿಯನ್ನು ಬ್ರಹ್ಮಾವರದ ಹಿರಿಯರಿಗೆ ಅಂಚೆಯಲ್ಲಿ ಕಳುಹಿಸಿದೆ. ಯಾವ ಸಂಗತಿಯನ್ನು ಮೂರು ತಿಂಗಳಿಂದ ಯಾರೂ ನೋಡಿಲ್ಲವೋ ಅದನ್ನು ವ್ಯವಸ್ಥೆ ಈಗ ತಾನಾಗಿ ಪಟ್ಟಿ ಮಾಡಿ ಕೊಡುತ್ತದೆ. ಮೊದಲ ಪಟ್ಟಿಯಲ್ಲಿ 11 ಸಂಗತಿಗಳಿದ್ದವು. ನಾಲ್ಕನ್ನು ಮೂಲ ಅಧಿಸೂಚನೆಯೊಂದಿಗೆ ಹೋಲಿಸಿ ಮುಗಿಸಿದ್ದೇವೆ. ಉಳಿದ ಏಳನ್ನು ಬರುವ ಶನಿವಾರ ಬ್ಯಾಂಕಿನ ಹಿರಿಯರೂ ನಾನೂ ಕುಳಿತು ನೋಡಬೇಕು.